ಖಾಲಿ ನಿಲ್ದಾಣದ ಅಂಕಿ

ಎರಡು ದಿನದಲ್ಲಿ ವಿಮಾನ ಅದೇ ನಿಲ್ದಾಣಕ್ಕೆ ಹನ್ನೆರಡು ಸಲ ಇಳಿದಿತ್ತು. ಇಳಿಸಿದ್ದು ಆಟೋಪೈಲಟ್, ಪರದೆ ನೋಡಿ ನೋಡಿ ಕಣ್ಣು ಉರಿಸಿಕೊಂಡದ್ದು ಅವಳು. ಕಂಪ್ಯೂಟರ್ ಜೋಡಿಸುವ ಅಂಗಡಿಯ ಹಿಂಕೋಣೆ. ಕಿಟಕಿ ಇಲ್ಲ, ಬೆರಳಿಗೆ ಅಂಟಿದ, ಪ್ರೊಸೆಸರಿಗೆ ಹಚ್ಚುವ ಪೇಸ್ಟ್ ತೊಳೆದರೂ ಹೋಗದು.

ಗಿರಾಕಿ ಅವಳ ಸೋದರಮಾವ. ಮೂವತ್ತು ವರ್ಷ ಬಸ್ಸು ಓಡಿಸಿದವನು. ಎದೆನೋವು ಬಂದು ಡಾಕ್ಟರು ಸ್ಟೀರಿಂಗ್ ಬಿಡಿಸಿದ ಮೇಲೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಹುಚ್ಚು ಹತ್ತಿಸಿಕೊಂಡಿದ್ದ. ಹಳೇ ಯಂತ್ರದಲ್ಲಿ ನೆಲ ಹತ್ತಿರವಾದಂತೆ ಚಿತ್ರ ತಡವರಿಸುತ್ತಿತ್ತು, ಅವನಿಗೆ ತಲೆ ಸುತ್ತಿ ಹೊಟ್ಟೆ ತೊಳಸುತ್ತಿತ್ತು. "ಇನ್ನೊಂದ್ಸಲ ಹಂಗಾದ್ರೆ ಇದನ್ನೂ ಬಿಟ್ಬಿಡ್ತೀನಿ ಪುಟ್ಟಿ" ಎಂದಿದ್ದ.

ಪ್ರೊಸೆಸರ್ ಎರಡಿದ್ದವು. ಒಂದಕ್ಕೆ ಕೆಲಸ ಹಂಚಿಕೊಳ್ಳುವ ಕೋರ್ ಜಾಸ್ತಿ, ಇನ್ನೊಂದಕ್ಕೆ ಕೈಗೆಟುಕುವ ನೆನಪು, ಅಂದರೆ ಕ್ಯಾಶ್, ದೊಡ್ಡದು. ಬೇಡದ್ದು ಇವತ್ತು ಐದು ಗಂಟೆಯೊಳಗೆ ತಂದ ಕಡೆಗೆ ವಾಪಸ್ ಹೋಗಬೇಕು. ನಿನ್ನೆ ಕ್ಯಾಶಿನದ್ದು ಇಳಿಯುವಾಗ ಸೆಕೆಂಡಿಗೆ ಮೂವತ್ತೆಂಟು ಫ್ರೇಮಿಗೆ ಕುಸಿದಿತ್ತು; ಫ್ರೇಮು ಕಮ್ಮಿಯಾದಷ್ಟೂ ಚಿತ್ರ ತಡವರಿಸುತ್ತದೆ. ಇವತ್ತು ಕೋರಿನದ್ದು ನಲವತ್ತೇಳರ ಕೆಳಗೆ ಹೋಗಲಿಲ್ಲ. ಕ್ಯಾಶಿನದ್ದನ್ನು ಡಬ್ಬಿಗೆ ಹಾಕಿ ಟೇಪ್ ಅಂಟಿಸಿದಳು.

ಎರಡು ಗಂಟೆಗೆ ಮಾವ ಬಂದ. ಪರದೆ ನೋಡುತ್ತ ನಿಂತು, "ಇವತ್ತೇನೇ, ಸ್ಟ್ಯಾಂಡ್ ಖಾಲಿ? ನಿನ್ನೆ ಬಂದಾಗ ಗಾಡಿಗಳು ಸಾಲಾಗಿ ನಿಂತಿದ್ವಲ್ಲ" ಎಂದ.

ಅವಳ ಕೈ ಮೌಸ್ ಮೇಲೇ ನಿಂತಿತು. ಲೈವ್ ಟ್ರಾಫಿಕ್. ಆ ನಿಲ್ದಾಣದಲ್ಲಿ ಆ ಹೊತ್ತಿಗೆ ನಿಜವಾಗಿ ಇರುವ ವಿಮಾನಗಳನ್ನೇ ಆಟ ತಂದು ನಿಲ್ಲಿಸುತ್ತದೆ. ನಿನ್ನೆ ನೂರು, ಇವತ್ತು ಹತ್ತೂ ಇಲ್ಲ. ಆ ಆಯ್ಕೆಯನ್ನು ಆಫ್ ಮಾಡಲು ಅವಳು ಮರೆತಿದ್ದಳು. ಹನ್ನೆರಡು ಲ್ಯಾಂಡಿಂಗೂ ನೀರಲ್ಲಿ ಹೋಮ.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಮಾವನ ಹೊಟ್ಟೆಗೆ ಬಿಟ್ಟು.

"ಮಾವ, ನಾನು ತಪ್ಪು ಅಳೆದೆ. ಮತ್ತೆ ಅಳೀಬೇಕು."

"ಮತ್ತೆ?" ಒಳಗೆ ಇಣುಕಿದ ಅಂಗಡಿ ಯಜಮಾನ ನಕ್ಕ. "ಏನಮ್ಮ, ಪ್ರೊಸೆಸರ್ ಆರಿಸ್ತಿದೀಯೋ, ಮಾವನಿಗೆ ಹೆಣ್ಣು ನೋಡ್ತಿದೀಯೋ?"

"ಒಂದನ್ನೇ ಸುಧಾರಿಸೋಕಾಗ್ತಿಲ್ಲ ಸ್ವಾಮಿ" ಎಂದ ಮಾವ, ಸ್ಟೂಲು ಎಳೆದುಕೊಂಡು.

ಲೈವ್ ಟ್ರಾಫಿಕ್ ಆಫ್ ಮಾಡಿದಳು. ಅದರ ಬದಲು ಆಟದ್ದೇ ನೂರು ಕೃತಕ ವಿಮಾನಗಳನ್ನು ನಿಲ್ದಾಣದಲ್ಲಿ ಸಾಲಾಗಿ ನಿಲ್ಲಿಸಿದಳು, ಎರಡಕ್ಕೂ ಒಂದೇ ಲೆಕ್ಕ. ಅದೇ ದಾರಿ, ಅದೇ ಎತ್ತರ, ಅದೇ ಮೋಡ. ಕೋರಿನದ್ದು ಮೂರು ಸಲ ಇಳಿಯಿತು: ಮೂವತ್ತೊಂದು, ಮೂವತ್ತು, ಮೂವತ್ತೊಂದು. ಟೇಪ್ ಹರಿದಳು, ಪ್ರೊಸೆಸರ್ ಬದಲಿಸಿದಳು, ಮತ್ತೆ ಪೇಸ್ಟ್ ಹಚ್ಚಿದಳು. ಸೊಂಟ ಬಿದ್ದುಹೋಗಿತ್ತು. ಕ್ಯಾಶಿನದ್ದು ಮೂರು ಸಲವೂ ಮೂವತ್ತೆಂಟು ಬಿಟ್ಟು ಕದಲಲಿಲ್ಲ.

ನಾಲ್ಕೂವರೆಗೆ ಕೋರಿನದ್ದು ವಾಪಸ್ ಡಬ್ಬಿಗೆ ಹೋಯಿತು.

"ಈಗ ನೀನು ಇಳಿಸು" ಎಂದು ಕುರ್ಚಿ ಬಿಟ್ಟುಕೊಟ್ಟಳು. ಮಾವ ಎರಡೂ ಕೈಯಲ್ಲಿ ಜಾಯ್‌ಸ್ಟಿಕ್ ಹಿಡಿದ. ವಿಮಾನ ಧೊಪ್ಪನೆ ನೆಲಕ್ಕೆ ಬಡಿದು, ಎರಡು ಸಲ ಪುಟಿದು, ರನ್‌ವೇ ದಾಟಿ ಹುಲ್ಲಿಗೆ ನುಗ್ಗಿತು. ಚಿತ್ರ ಒಮ್ಮೆಯೂ ತಡವರಿಸಲಿಲ್ಲ.

"ತಲೆ ಸುತ್ತಿತಾ?"

"ಇಲ್ಲ." ಪರದೆಯಿಂದ ಕಣ್ಣು ಕೀಳಲಿಲ್ಲ. "ಸ್ಟಾಪ್ ಬಿಟ್ಟು ಮುಂದೆ ಬಂದ್ಬಿಟ್ಟೆ. ಇನ್ನೊಂದ್ಸಲ ಹಾಕು."

ಇಳಿದದ್ದು ಒಟ್ಟು ಹತ್ತೊಂಬತ್ತು ಸಲವಾಗಿತ್ತು. ಅವಳು ಇಪ್ಪತ್ತನೆಯದನ್ನು ಹಾಕಿ, ಗೋಡೆಗೊರಗಿ ಕಣ್ಣು ಮುಚ್ಚಿದಳು.