ಬಾಟಲಿಯ ತಳದ ಗಸಿ

ಆಸ್ಟ್ರೇಲಿಯಾದ ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ, ಗೋದಾಮಿನ ಸರಕು ಎತ್ತುವ ಫೋರ್ಕ್‌ಲಿಫ್ಟ್ ಓಡಿಸುವ ನನ್ನ ಗಂಡ ಕ್ಯಾಸಿಮಿರ್‌ಗೆ ೨೦೧೪ರ ಚಳಿಗಾಲದಲ್ಲಿ ಬಲಗಣ್ಣಿನ ಒಳಗೆ ಉರಿಯೂತ ಶುರುವಾಯಿತು. ಮೇಲೆ ಕೆಂಪು, ನೋಟವೆಲ್ಲ ಮಂಜು. ನಮ್ಮ ಕನ್ನಡದವರೇ ಆದ ಕಣ್ಣಿನ ಡಾಕ್ಟರ್ ನಾಗವೇಣಿ ಸ್ಟೀರಾಯ್ಡ್ ಹನಿ ಬರೆದುಕೊಟ್ಟರು, ಗಂಟೆಗೊಂದು. ನಾನು ಒಂದು ಗಂಟೆಯನ್ನೂ ತಪ್ಪಿಸಲಿಲ್ಲ. ಆ ಬಗ್ಗೆ ನನಗೆ ಜಂಬವೂ ಇತ್ತು.

ಆದರೂ ಹತ್ತು ದಿನದಲ್ಲಿ ಮಂಜು ಹೆಚ್ಚೇ ಆಯಿತು. ಇನ್ನು ಕಣ್ಣಿನ ಪಕ್ಕಕ್ಕೇ ಸೂಜಿ ಚುಚ್ಚಬೇಕೇನೋ ಎಂದರು ಡಾಕ್ಟರ್. ಕ್ಯಾಸಿಮಿರ್ ಬೆವತುಹೋದರು. ಕಣ್ಣು ಹೋದರೆ ಕೆಲಸವೂ ಹೋದಂತೆ.

"ಆಂಟಿ, ಈ ಡ್ರಾಪ್ಸ್ ಕೆಲಸ ಮಾಡ್ಲೇಬೇಕಿತ್ತಲ್ಲ! ಹೇಗೆ ಹಾಕ್ತೀರ, ಸ್ವಲ್ಪ ತೋರ್ಸಿ," ಎಂದು ನಾಗವೇಣಿ ಕುರ್ಚಿ ಮುಂದಕ್ಕೆಳೆದರು. ಅವರಿಗೆ ಕುತೂಹಲ, ನನಗೆ ಸಿಟ್ಟು. ನನ್ನನ್ನೇ ಪರೀಕ್ಷೆ ಮಾಡುವುದೇ?

ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ಕರವಸ್ತ್ರ ತುರುಕಿ ತಂದಿದ್ದ ಬಾಟಲಿಯನ್ನು ಹೊರತೆಗೆದೆ. ಮೆಲ್ಲಗೆ ಬಾಗಿಸಿ ಗಂಡನ ಕಣ್ಣಿಗೆ ಒಂದು ಹನಿ ಬಿಟ್ಟೆ.

"ಇದೇನಾಂಟಿ, ಮಲಗಿರೋ ಮಗು ಎತ್ಕೊಂಡ ಹಾಗೆ?"

"ಗಸಿ ಏಳ್ಬಾರ್ದಲ್ವಾ?"

ಶಾರ್ಜಾದಲ್ಲಿ ಇಪ್ಪತ್ತು ವರ್ಷ ಟ್ಯಾಂಕಿನ ನೀರನ್ನು ತಿಳಿಯಾಗಲು ಬಿಟ್ಟೇ ಬಳಸಿದವಳು ನಾನು. ಮೊದಲ ದಿನ ಬೆಳ್ಳಗಿನ ಹನಿ ಬಿದ್ದಾಗಲೇ ಹೆದರಿ, ಬಾಟಲಿಯನ್ನು ವೇಳಾಂಕಣಿ ಮಾತೆಯ ಪ್ರತಿಮೆಯ ಪಕ್ಕ ಅಲುಗದಂತೆ ಇಟ್ಟಿದ್ದೆ. ಆಮೇಲೆ ಹನಿ ತಿಳಿಯಾಗಿಯೇ ಬೀಳುತ್ತಿತ್ತು.

ನಾಗವೇಣಿ ನಕ್ಕರು, ತಕ್ಷಣ ನಗು ನಿಲ್ಲಿಸಿದರು. "ಆಂಟಿ, ಆ ಗಸೀನೇ ಔಷಧಿ. ಪ್ರತಿ ಸಲ ಚೆನ್ನಾಗಿ ಕುಲುಕಿ ಹಾಕ್ಬೇಕು. ಇಷ್ಟು ದಿನ ಅಂಕಲ್ ಕಣ್ಣಿಗೆ ಹೆಚ್ಚುಕಡಿಮೆ ನೀರೇ ಬಿದ್ದಿರೋದು. ಒಂದು ವಾರ ಸರಿಯಾಗಿ ಹಾಕಿ, ಸೂಜಿ ಆಮೇಲೆ ನೋಡೋಣ."

ಔಷಧಿ ಅಂಗಡಿಯವರು ಬಾಟಲಿಯ ಮೇಲೆ ಅಂಟಿಸಿದ್ದ ಚೀಟಿ ಕಿತ್ತು ನೋಡಿದರೆ, ಅಡಿಯಲ್ಲಿ ಅದೇ ಮಾತು ಅಚ್ಚಾಗಿತ್ತು. ನನಗೆ ಭೂಮಿಗಿಳಿದುಹೋಗುವಷ್ಟು ನಾಚಿಕೆಯಾಯಿತು.

ಕಾರಿನಲ್ಲಿ ಆ ನಾಚಿಕೆಯನ್ನೆಲ್ಲ ಸಿಟ್ಟಾಗಿಸಿ ಗಂಡನ ಮೇಲೆ ತಿರುಗಿಸಿದೆ. "ಉರಿ ಕಮ್ಮಿಯಾಗ್ತಿದೆ ಅಂತ ದಿನಾ ಹೇಳ್ತಿದ್ರಲ್ಲ?"

"ನೀನು ಗಂಟೆಗೊಂದ್ಸಲ ಹನಿ ಹಾಕೋಕೆ ಅಡುಗೆ ಬಿಟ್ಟು ಓಡಿ ಬರ್ತಿದ್ದೆ. ಏನೂ ಆಗ್ತಿಲ್ಲ ಅಂತ ಹೇಗೆ ಹೇಳ್ಲಿ?"

"ಕಣ್ಣು ಹೋಗಿದ್ರೆ?" ಎಂದು ಬೈಯುತ್ತಲೇ ಅತ್ತುಬಿಟ್ಟೆ.

ವಾರ ಕಳೆದ ಮೇಲೆ ನಾಗವೇಣಿ ಯಂತ್ರದಲ್ಲಿ ಇಣುಕಿ, ಉರಿಯೂತ ಇಳಿಯುತ್ತಿದೆ, ಸೂಜಿ ಬೇಡ ಎಂದರು. ಮನೆಗೆ ಬಂದು ಕ್ಯಾಸಿಮಿರ್ ಎಡಗಣ್ಣು ಮುಚ್ಚಿಕೊಂಡು ನನ್ನನ್ನೇ ನೋಡಿದರು.

"ಪೆಟ್ರೋನಿಲ್ಲಾ, ಕಿವಿ ಹತ್ರ ನಿಂಗೆ ಎಷ್ಟೊಂದು ನರೆ ಬಂದ್ಬಿಟ್ಟಿದೆ!"

ಇನ್ನೊಂದು ದಿನವಾಗಿದ್ದರೆ ಜಗಳವಾಗುತ್ತಿತ್ತು. ಅವತ್ತು ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಚೆನ್ನಾಗಿ ಕಾಣುವಂತೆ ಹತ್ತಿರ ಬಂದು ನಿಂತು, ಬಾಟಲಿ ಕುಲುಕತೊಡಗಿದೆ.