ಹೊಗೆಯಕ್ಕ ಓದಿದ ಮೂರು ಚೀಟಿ

ಪೆಟ್ರೋಲ್ ಬಂಕಿನ ಪಕ್ಕದ ತಗಡಿನ ಗೂಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಗಾಡಿಗಳ ಹೊಗೆ ಪರೀಕ್ಷೆ ಮಾಡುತ್ತಿದ್ದ ಆ ಹೆಂಗಸನ್ನು ಊರೆಲ್ಲ ಹೊಗೆಯಕ್ಕ ಎಂದೇ ಕರೆಯುತ್ತಿತ್ತು. ಸೈಲೆನ್ಸರಿನ ಬಾಯಿಗೆ ಕೊಳವೆ ತೂರಿಸುವುದು, ಯಂತ್ರದ ಪರದೆಯ ಮೇಲೆ ಅಂಕಿ ನಿಲ್ಲುವವರೆಗೆ ಕಾಯುವುದು, ಚೀಟಿ ಹರಿದು ಕೈಗಿಡುವುದು, ಇಷ್ಟೇ ಅವಳ ಕೆಲಸ. “ಡಾಕ್ಟರು ಮುಂದಿನಿಂದ ಬಾಯಿ ತೆಗೆಸಿ ನೋಡ್ತಾರೆ, ನಾನು ಹಿಂದಿನಿಂದ ನೋಡ್ತೀನಿ. ಕಾಯಿಲೆ ಗೊತ್ತಾಗೋಕೆ ಹಿಂದೇನೇ ವಾಸಿ” ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಊರಿನ ಹೊಗೆ ಕುಡಿದು ಅವಳಿಗೆ ಎರಡು ಬಳುವಳಿ ಸಿಕ್ಕಿದ್ದವು: ಬಿಡದ ಕೆಮ್ಮು, ಮತ್ತು ಮನುಷ್ಯರ ಬಗ್ಗೆ ತೀರ ಸಣ್ಣ ಅಭಿಪ್ರಾಯ.

ಹೀಗಿರುವಾಗ ಸರ್ಕಾರ ಒಂದು ಕರಡು ಆದೇಶ ಹೊರಡಿಸಿತು. ಹತ್ತು ವರ್ಷದೊಳಗೆ ಹೊಸ ಪೆಟ್ರೋಲ್ ಕಾರುಗಳ ಮಾರಾಟ ಪೂರ್ತಿ ನಿಲ್ಲಬೇಕು. ಆಮೇಲೆ ಕೊಳ್ಳುವವರು ಕರೆಂಟಿನ ಕಾರನ್ನೇ ಕೊಳ್ಳಬೇಕು. ಮರುದಿನದಿಂದ ಊರಿನಲ್ಲಿ ಎರಡು ಪಂಗಡ. ಒಂದು ಗಾಳಿಗಾಗಿ ಅಳುವವರದು, ಇನ್ನೊಂದು ಹೊಟ್ಟೆಗಾಗಿ ಅಳುವವರದು. ಎರಡೂ ಕಡೆಯವರ ಕಣ್ಣು ಒಣಗಿಯೇ ಇತ್ತು ಎಂಬುದು ಹೊಗೆಯಕ್ಕನ ಅಭಿಪ್ರಾಯ.

ಹೊಟ್ಟೆ ಪಂಗಡದ ಮುಂದಾಳು ಅವಳ ಸ್ವಂತ ಅಣ್ಣ. ಬಸ್ ನಿಲ್ದಾಣದ ಹಿಂದೆ ಅವನ ಗ್ಯಾರೇಜು. ಮೆಕ್ಯಾನಿಕ್ಕುಗಳ ಸಂಘಕ್ಕೆ ಅಧ್ಯಕ್ಷನಾದ ಮೇಲೆ ಸ್ಪ್ಯಾನರಿಗಿಂತ ಮೈಕು ಹಿಡಿಯುವುದೇ ಹೆಚ್ಚಾಗಿತ್ತು. ಒಂದು ಸಂಜೆ ತಂಗಿಯ ಮನೆಗೆ ಬಂದು ಕುರ್ಚಿ ಎಳೆದುಕೊಂಡು ಕೂತ.

“ಬುಧವಾರ ಅಹವಾಲು ಸಭೆ ಇದೆ ಕಣೇ. ನೀನೂ ಬಂದು ಮಾತಾಡಬೇಕು. ಪೆಟ್ರೋಲ್ ಗಾಡಿ ಹೋದ್ರೆ ನಿನ್ನ ಗೂಡೂ ಹೋಗುತ್ತೆ, ನೆನಪಿರಲಿ.”

“ಹೋದ್ರೆ ಹೋಗಲಿ ಬಿಡು. ಗಾಡಿಗಳ ಹಿಂಭಾಗಕ್ಕೆ ಕೊಳವೆ ತುರುಕೋ ಕೆಲಸಕ್ಕೆ ಯಾರು ಅಳ್ತಾರೆ?”

“ಅಂದ್ರೆ ನೀನು ಆ ಕರೆಂಟ್ ಕಾರು ಷೋರೂಮಿನವನ ಕಡೆಗಾ?”

“ಆ ಬೋಳಿಸಿದ ಗದ್ದದವನ ಕಡೆಗಾ? ಹೋದ ವರ್ಷದವರೆಗೆ ಪೆಟ್ರೋಲ್ ಗಾಡಿ ಮಾರ್ತಿದ್ದ. ಈಗ ಗಾಳಿ ಅಂದ್ರೆ ಕಣ್ಣೀರು ಹಾಕ್ತಾನೆ. ನೀವಿಬ್ಬರೂ ಒಂದೇ ಗಾಣದ ಎತ್ತುಗಳು, ಮುಖ ಮಾತ್ರ ಬೇರೆ ಬೇರೆ ಕಡೆಗೆ.”

ಅಣ್ಣ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದ.

ಅವಳು ಸಭೆಗೆ ಹೋಗುವ ಯೋಚನೆಯಲ್ಲೇ ಇರಲಿಲ್ಲ. ಆದರೆ ಸಾರಿಗೆ ಇಲಾಖೆಯಿಂದ ಕಾಗದ ಬಂತು: ಸಭಾಂಗಣದ ಬಾಗಿಲಲ್ಲಿ ಪ್ರದರ್ಶನಕ್ಕಿಡಲು ಹೊಗೆ ಪರೀಕ್ಷೆಯ ಯಂತ್ರವನ್ನು ತರತಕ್ಕದ್ದು. ಪೆಟ್ರೋಲ್ ಕಾಲ ಹೇಗಿತ್ತೆಂದು ಜನ ನೋಡಬೇಕಂತೆ. ಬದುಕಿರುವಾಗಲೇ ತನ್ನನ್ನು ವಸ್ತುಸಂಗ್ರಹಾಲಯಕ್ಕೆ ಹಾಕುತ್ತಿದ್ದಾರಲ್ಲ ಎಂದು ನಗುತ್ತ, ಪೆಟ್ಟಿಗೆಯಷ್ಟು ಗಾತ್ರದ ಆ ಯಂತ್ರವನ್ನು ಸ್ಕೂಟರಿನ ಮುಂದಿಟ್ಟುಕೊಂಡು ಬುಧವಾರ ಹತ್ತಕ್ಕೆ ಸರಿಯಾಗಿ ಹೋದಳು. ಬಾಗಿಲ ಬಳಿ ಒಂದು ಮೇಜು ಕೊಟ್ಟರು. ಮೇಜಿನ ಮೇಲೆ ಯಂತ್ರ, ಯಂತ್ರದ ಪಕ್ಕದಲ್ಲಿ ಅವಳು.

ಒಳಗೆ ಮಾತು ಶುರುವಾಯಿತು. ಮೊದಲು ಇಲಾಖೆಯ ಸಾಹೇಬರು. ಮಕ್ಕಳ ಶ್ವಾಸಕೋಶದ ದೊಡ್ಡ ಚಿತ್ರವನ್ನು ಪರದೆಯ ಮೇಲೆ ತೋರಿಸಿ, “ನಾವು ಇವತ್ತು ಬದಲಾಗದಿದ್ದರೆ ನಾಳೆ ಉಸಿರಾಡಲು ಏನೂ ಉಳಿಯೋದಿಲ್ಲ” ಎಂದರು. ಆಮೇಲೆ ಷೋರೂಮಿನ ಮಾಲೀಕ. ಕರೆಂಟಿನ ಕಾರು ಬರಿಯ ಕಾರಲ್ಲ, ಅದು ಭೂಮಿತಾಯಿಗೆ ನಾವು ಕೊಡುವ ಮಾತು ಎಂದ. ಆಮೇಲೆ ಅಣ್ಣ. “ಇದು ಬಡವನ ಹೊಟ್ಟೆ ಮೇಲೆ ಚಕ್ರ ಹತ್ತಿಸೋ ಆದೇಶ! ಆ ಆಟಿಕೆ ಗಾಡಿಗಳು ನನ್ನ ಹೆಣದ ಮೇಲೆ ಹಾದು ಹೋಗಬೇಕು!” ಎಂದು ಮೇಜು ಗುದ್ದಿದ. ಗಿರಾಕಿಯ ಗಾಡಿಯಿಂದ ಒಳ್ಳೆಯ ಸಾಮಾನು ಬಿಚ್ಚಿ ಹಳೆಯದನ್ನು ಕೂರಿಸುವ ಕೈ ಅದು ಎಂಬುದು ತಂಗಿಗೆ ಗೊತ್ತಿತ್ತು. ಬಡವನ ಹೆಸರು ಹೇಳಿದಾಗಲೆಲ್ಲ ಜನ ಚಪ್ಪಾಳೆ ತಟ್ಟಿದರು. ಬಡವರು ಯಾರೂ ಬಂದಿರಲಿಲ್ಲ. ಅವರಿಗೆ ಬುಧವಾರ ಕೆಲಸವಿರುತ್ತದೆ.

ಒಂದು ತಾಸು ಕಳೆಯುವಷ್ಟರಲ್ಲಿ ಹೊಗೆಯಕ್ಕನಿಗೆ ಕೆಮ್ಮು ಹತ್ತಿತು. ಕೆಮ್ಮು ಬಂದದ್ದು ಭಾಷಣದಿಂದಲ್ಲ, ಹೊರಗಿನಿಂದ. ತಿರುಗಿ ನೋಡಿದಳು. ಮೆಟ್ಟಿಲ ಕೆಳಗೇ ಸಾಹೇಬರ ಕಾರು, ಇಂಜಿನ್ ಚಾಲೂ. ಒಳಗೆ ಏಸಿ ಹಾಕಿಕೊಂಡು ಚಾಲಕ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅದರ ಪಕ್ಕದಲ್ಲಿ ಷೋರೂಮಿನವನ ಹೊಚ್ಚ ಹೊಸ ಕರೆಂಟಿನ ಕಾರು. ಆದರೆ ಅದು ಓಡಿಕೊಂಡು ಬಂದಿರಲಿಲ್ಲ. ಚಕ್ರಕ್ಕೆ ಧೂಳು ತಾಗಬಾರದೆಂದು ಅದನ್ನು ಒಂದು ಮುದಿ ಲಾರಿಯ ಮೇಲೆ ಹೇರಿಕೊಂಡು ತಂದಿದ್ದರು. ಆ ಲಾರಿಯೂ ಗಡಗಡ ಎನ್ನುತ್ತಲೇ ಇತ್ತು. ಒಮ್ಮೆ ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೆಂಬ ಭರವಸೆ ಅದರ ಚಾಲಕನಿಗಿರಲಿಲ್ಲ. ಮೂರನೆಯದು ಅಣ್ಣನ ವ್ಯಾನು. ಘೋಷಣೆ ಕೂಗುವ ಧ್ವನಿವರ್ಧಕಕ್ಕೆ ಬ್ಯಾಟರಿ ಇಳಿಯದಿರಲೆಂದು ಅದನ್ನೂ ಚಾಲೂ ಇಟ್ಟಿದ್ದ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಗೊಣಗಿಕೊಂಡು ಅವಳು ಎದ್ದಳು. ಯಂತ್ರ ಹೊತ್ತುಕೊಂಡು ಮೆಟ್ಟಿಲಿಳಿದಳು. ಒಂದೊಂದೇ ಗಾಡಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಕೊಳವೆ ತೂರಿಸಿದಳು. ಸಾಹೇಬರ ಚಾಲಕನಿಗೆ ಎಚ್ಚರವೂ ಆಗಲಿಲ್ಲ. ಮೂರು ಚೀಟಿ ಹರಿದುಕೊಂಡು ನೇರ ಸಭೆಯ ಒಳಗೆ ಹೋಗಿ, ಅಣ್ಣನ ಕೈಯಿಂದ ಮೈಕು ಕಸಿದುಕೊಂಡಳು.

“ನಂದು ಭಾಷಣ ಅಲ್ಲ. ಓದ್ತೀನಿ ಅಷ್ಟೇ” ಎಂದಳು. “ಬಾಗಿಲಲ್ಲಿ ನಿಂತಿರೋ ಮೂರು ಗಾಡಿ, ಈಗಷ್ಟೇ ನೋಡಿದ್ದು. ಭೂಮಿತಾಯಿಗೆ ಮಾತು ಕೊಟ್ಟ ಕಾರನ್ನ ಹೊತ್ತು ತಂದ ಲಾರಿ, ಇರಬೇಕಾದ್ದಕ್ಕಿಂತ ಒಂಬತ್ತು ಪಟ್ಟು ವಿಷ. ಬಡವರ ಹೊಟ್ಟೆ ಕಾಯೋ ವ್ಯಾನು, ಆರು ಪಟ್ಟು. ಮಕ್ಕಳ ಶ್ವಾಸಕೋಶದ ಸಾಹೇಬರ ಕಾರು, ನಾಲ್ಕು ಪಟ್ಟು. ಮೊದಲನೇ ಬಹುಮಾನ ಯಾರಿಗೆ ಅಂತ ನೀವೇ ಕೂತು ತೀರ್ಮಾನ ಮಾಡ್ಕೊಳ್ಳಿ.”

ಬೆಳಗಿನಿಂದ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಎಳೆದಾಡುತ್ತಿದ್ದವರೆಲ್ಲ ಮೊದಲ ಬಾರಿಗೆ ಒಂದಾದರು. “ಯಾರು ನಿಮಗೆ ಪರ್ಮಿಷನ್ ಕೊಟ್ಟಿದ್ದು?” ಎಂದ ಷೋರೂಮಿನವನು. “ಮನೆ ಮಾನ ಕಳೀತೀಯೇನೇ?” ಎಂದ ಅಣ್ಣ. ಸಾಹೇಬರು ಮಾತ್ರ ಕೂಗಲಿಲ್ಲ. ತಮ್ಮ ಕಾರಿನ ಕಾಗದಪತ್ರ ತರಿಸಿ, ಕನ್ನಡಕ ಏರಿಸಿ ನೋಡಿ, ಮೆಲ್ಲಗೆ ಕೇಳಿದರು.

“ಈ ಕಾರಿನ ಹೊಗೆ ಸರ್ಟಿಫಿಕೇಟು ಇಲ್ಲಿದೆಯಮ್ಮ. ಎರಡು ತಿಂಗಳ ಹಿಂದಿನದು. ಎಲ್ಲ ಸರಿಯಿದೆ ಅಂತ ಬರೆದಿದೆ. ಈ ಸಹಿ ಯಾರದ್ದು?”

ಹೊಗೆಯಕ್ಕ ಬಗ್ಗಿ ನೋಡಿದಳು. ಸಹಿ ಅವಳದ್ದೇ. ಆ ದಿನ ಚಾಲಕ ಕಿಟಕಿಯಿಂದಲೇ ಕೈಚಾಚಿ, “ಸಾಹೇಬ್ರಿಗೆ ಅರ್ಜೆಂಟು, ಬೇಗ ಬರ್ಕೊಡಿ” ಎಂದಿದ್ದ. ಗಾಡಿಯ ಹಿಂದಕ್ಕೆ ಹೋಗದೆಯೇ ಬರೆದುಕೊಟ್ಟಿದ್ದಳು. ಇಲಾಖೆಯ ಗಾಡಿಗಳಿಗೆಲ್ಲ ಅದೇ ರೂಢಿ. ಅಣ್ಣನ ವ್ಯಾನಿಗಂತೂ ಅದನ್ನು ಕೊಂಡಂದಿನಿಂದ ಕೊಳವೆಯನ್ನೇ ತಾಗಿಸಿರಲಿಲ್ಲ. ಅತ್ತಿಗೆ ಬುತ್ತಿ ತಂದು ಕೊಟ್ಟು ಚೀಟಿ ಬರೆಸಿಕೊಂಡು ಹೋಗುತ್ತಿದ್ದಳು. ಊರಿನ ಬೂಟಾಟಿಕೆಯನ್ನೆಲ್ಲ ಅಳೆಯುತ್ತ ಕೂತವಳು ತನ್ನದನ್ನು ಮಾತ್ರ ಅಳೆದಿರಲಿಲ್ಲ. ಸುಳ್ಳು ಹೇಳುವುದು ಸುಲಭವಿತ್ತು. ಎರಡು ತಿಂಗಳಲ್ಲಿ ಇಂಜಿನ್ ಕೆಟ್ಟಿರಬಹುದು ಎಂದಿದ್ದರೆ ಸಾಕು, ಸಾಹೇಬರಿಗೂ ಅದೇ ಬೇಕಾಗಿತ್ತು.

“ನಂದೇ ಸಾರ್” ಎಂದಳು. “ಸುಳ್ಳು ಚೀಟಿ. ನೋಡದೇ ಬರೆದಿದ್ದು. ಆ ವ್ಯಾನಿನದ್ದೂ ಸುಳ್ಳು. ನಾಲ್ಕನೇ ಚೀಟಿ ನನ್ನ ಹೆಸರಿಗೇ ಬರ್ಕೊಳ್ಳಿ.”

ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ನಕ್ಕ. ಉಳಿದವರು ಎದ್ದು ನಿಂತು ಅವಳನ್ನು ಹೊರಗೆ ಕಳಿಸಬೇಕೆಂದು ಒಕ್ಕೊರಲಿನಿಂದ ಕೂಗಿದರು. ಅವಳು ಯಂತ್ರ ಎತ್ತಿಕೊಂಡು ತಾನೇ ಹೊರಟಳು.

ವಾರದೊಳಗೆ ತೀರ್ಪು ಬಂತು. ಸಾಹೇಬರ ಕಾರಿಗೂ ಅಣ್ಣನ ವ್ಯಾನಿಗೂ ಏನೂ ಆಗಲಿಲ್ಲ. ಅವಕ್ಕೆ ಸರ್ಟಿಫಿಕೇಟು ಇತ್ತಲ್ಲ. ಲಾರಿಗೂ ಆಗಲಿಲ್ಲ, ಅದು ಪರೀಕ್ಷೆ ಮಾಡಿಸಿಕೊಳ್ಳಲು ಬಂದಿರಲಿಲ್ಲವಲ್ಲ. ಹೊಗೆಯಕ್ಕನ ಪರವಾನಗಿ ಮಾತ್ರ ಆರು ತಿಂಗಳು ಅಮಾನತಾಯಿತು. ಕಾರಣ ಎರಡು: ನೋಡದೆ ಬರೆದದ್ದು, ಮತ್ತು ಕೇಳದೆ ನೋಡಿದ್ದು. ಮೊದಲನೆಯದಕ್ಕೆ ಒಂದು ತಿಂಗಳು, ಎರಡನೆಯದಕ್ಕೆ ಐದು. ಆದೇಶದ ಕಾಗದ ಓದಿ ಅವಳು ಕೆಮ್ಮು ಬರುವವರೆಗೆ ನಕ್ಕಳು. ಆಮೇಲೆ ಹೋಗಿ ಗೂಡಿಗೆ ಬೀಗ ಹಾಕಿದಳು. ಒಂದು ತಿಂಗಳಿಗೆ ತಾನು ಅರ್ಹಳು ಎಂಬುದು ಒಳಗೊಳಗೇ ಚುಚ್ಚುತ್ತಿತ್ತು.

ಪೆಟ್ರೋಲ್ ಕಾರುಗಳ ಆದೇಶವೂ ಅಂತಿಮವಾಯಿತು. ಹತ್ತು ವರ್ಷ ಹದಿನೈದಾಯಿತು. ಗಣ್ಯರ ವಾಹನಗಳಿಗೆ ವಿನಾಯಿತಿ. ಎರಡೂ ಪಂಗಡದವರು ತಾವೇ ಗೆದ್ದೆವೆಂದು ಮೆರವಣಿಗೆ ಮಾಡಿದರು, ಎರಡೂ ಪೆಟ್ರೋಲ್ ಗಾಡಿಗಳಲ್ಲೇ.

ಅಣ್ಣ ಎರಡು ತಿಂಗಳು ಮಾತು ಬಿಟ್ಟಿದ್ದ. ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಮಡಿಸಿದ ಕಾಗದ.

“ಒಂದು ಅರ್ಜಿ ತುಂಬಿಕೊಡ್ತೀಯಾ? ನನ್ನ ಅಕ್ಷರ ನಿಂಗೆ ಗೊತ್ತಲ್ಲ.”

ಅವಳು ಬಿಡಿಸಿ ಓದಿದಳು. ಕರೆಂಟಿನ ಕಾರು ರಿಪೇರಿಯ ತರಬೇತಿ, ನಾಲ್ಕು ತಿಂಗಳು, ಪಾಲಿಟೆಕ್ನಿಕ್ಕಿನಲ್ಲಿ.

“ಇದೇನಣ್ಣ? ಆಟಿಕೆ ಗಾಡಿ ನಿನ್ನ ಹೆಣದ ಮೇಲೆ ಹಾದು ಹೋಗಬೇಕು ಅಂದಿದ್ದೆ.”

“ಹಾದು ಹೋಗೋ ಮುಂಚೆ ಅದರ ಹೊಟ್ಟೇಲಿ ಏನಿದೆ ನೋಡೋಣ ಅಂತ.”

“ಸಂಘದವರಿಗೆ ಗೊತ್ತಾ?”

“ಬಾಯಿ ಬಿಟ್ಟೀಯ! ಯಾರಿಗೂ ಹೇಳಿಲ್ಲ. ಅಧ್ಯಕ್ಷನೇ ಹೋದ ಅಂದ್ರೆ ಮರ್ಯಾದೆ ಏನಾಗಬೇಕು?”

ಅವಳು ಮನಸಾರೆ ಬೈದಳು. ಮಾತಿಗೊಂದು ಮುಖ, ಹೊಟ್ಟೆಗೊಂದು ಮುಖ ಎಂದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಬೈಗುಳ ಮುಗಿದ ಮೇಲೆ ಅಂಗಿಯ ಜೇಬಿನಿಂದ ಇನ್ನೊಂದು ಅರ್ಜಿ ತೆಗೆದು ಮೇಜಿನ ಮೇಲಿಟ್ಟ.

“ಇದು ಯಾರಿಗೆ?”

“ನಿಂಗೆ. ಇಂಜಿನ್ ಇಲ್ಲದ ಗಾಡಿ ಹೊಗೆ ಬಿಡೋದಿಲ್ಲ. ನೀನೇನು ಗಾಳಿ ತಿಂತೀಯಾ?” ಅರ್ಜಿಯನ್ನು ಅವಳ ಕಡೆ ಸರಿಸುತ್ತ ಸೇರಿಸಿದ. “ಸಭೇಲಿ ನೀನು ಓದಿದ್ದು ಸರಿಯಿತ್ತು ಕಣೇ. ಆ ವ್ಯಾನನ್ನ ಅವತ್ತೇ ಬಿಚ್ಚಿ ಸರಿ ಮಾಡಿದೆ. ಬಂದು ಹೇಳೋಕೆ ನಾಚಿಕೆ ಆಯ್ತು.”

ಅವಳು ಪೆನ್ನು ಹುಡುಕಿ ತಂದು ಎರಡೂ ಅರ್ಜಿ ತುಂಬಿದಳು. ಉದ್ಯೋಗ ಎಂಬಲ್ಲಿ ಅವನಿಗೆ ಮೆಕ್ಯಾನಿಕ್ ಎಂದು ಬರೆದು, ತನಗೆ ‘ಹೊಗೆ ಪರೀಕ್ಷೆ, ಸದ್ಯ ಅಮಾನತು’ ಎಂದು ಬರೆದಳು. ಇನ್ನು ಮೇಲೆ ನೋಡದೇ ಏನನ್ನೂ ಬರೆಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ತರಗತಿ ಶುರುವಾದ ದಿನ ಅಣ್ಣ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ತಂಗಿಯ ಹಿಂದೆ ಅಡಗಿಕೊಂಡೇ ಒಳಗೆ ಬಂದ. ಬಾಗಿಲು ದಾಟಿದವನು ಅಲ್ಲೇ ನಿಂತುಬಿಟ್ಟ. ಸಂಘದ ಕಾರ್ಯದರ್ಶಿ ಮೊದಲ ಸಾಲಿನಲ್ಲಿದ್ದ. ಖಜಾಂಚಿ ಕಿಟಕಿಯ ಪಕ್ಕ, ಮುಖಕ್ಕೆ ಪುಸ್ತಕ ಅಡ್ಡ ಹಿಡಿದು. ಸಭೆಯಲ್ಲಿ ಅಣ್ಣನಿಗೆ ಚಪ್ಪಾಳೆ ತಟ್ಟಿದವರಲ್ಲಿ ಅರ್ಧಕ್ಕರ್ಧ ಅಲ್ಲಿದ್ದರು, ಒಬ್ಬರೂ ಇನ್ನೊಬ್ಬರ ಕಡೆ ನೋಡದಂತೆ ಗೋಡೆಯನ್ನೇ ದಿಟ್ಟಿಸುತ್ತಿದ್ದರು.

“ಬಾ ಅಣ್ಣ” ಎಂದಳು ಹೊಗೆಯಕ್ಕ, ಎಲ್ಲರಿಗೂ ಕೇಳುವಂತೆ. “ನಾಚಿಕೆ ಪಡಬೇಡ. ಸಂಘದ ಸಭೆ ಇಲ್ಲೇ ನಡೀತಿದೆ.”

ಖಜಾಂಚಿ ಪುಸ್ತಕವನ್ನು ಇನ್ನಷ್ಟು ಮೇಲಕ್ಕೆತ್ತಿದ. ಉಪಾಧ್ಯಾಯರು ಬಂದು, ಮಧ್ಯದಲ್ಲಿಟ್ಟಿದ್ದ ಕಾರಿನ ಹೊದಿಕೆ ಸರಿಸಿ, ಏನಾದರೂ ಕೇಳುವುದಿದೆಯೇ ಎಂದರು. ಮೊದಲು ಕೈಯೆತ್ತಿದವನು ಅಣ್ಣನೇ.

“ಸಾರ್, ಇದನ್ನ ಬಿಚ್ಚೋಕೆ ಶುರು ಮಾಡೋದು ಎಲ್ಲಿಂದ?”