ಪಕ್ಕದ ಕೋಣೆಯ ಕಿವಿ

ಎದುರಿಗೆ ಸಿಕ್ಕಾಗ ಹೇಳ್ತೀನಿ ಬಿಡಿ, ಫೋನಲ್ಲಿ ಬೇಡ — ಯಾರೋ ಗಂಡಸಿನ ದನಿ, ಅದರ ಬೆನ್ನಿಗೇ ಟಕ್ಕೆಂದು ರಿಸೀವರ್ ಇಟ್ಟ ಸದ್ದು, ದೊಡ್ಡಕ್ಕ ಕೈ ಚಾಚಿ ಬೋರ್ಡಿನಿಂದ ವೈರನ್ನು ಕಿತ್ತಳು, ಅದು ಸುರ್ರೆಂದು ತನ್ನ ಬಿಲಕ್ಕೆ ಇಳಿಯಿತು — ಬೆಳಗಿನಿಂದ ಎಷ್ಟು ಜನ ಇದೇ ಮಾತು ಹೇಳಿದರೋ, ಊರಿಗೆ ಊರೇ ಎಲ್ಲೋ ಎದುರಿಗೆ ಸಿಗಲು ಹೊರಟಿದೆ ಅನ್ನಬೇಕು, ಬೀದಿಗಿಳಿದು ನೋಡಿದರೆ ಯಾರೂ ಯಾರಿಗೂ ಎದುರಾಗುವುದಿಲ್ಲ, ಸೌಖ್ಯವಾ, ಸೌಖ್ಯ, ಬಿಸಿಲು ಜಾಸ್ತಿ, ಹೌದು ಜಾಸ್ತಿ, ಮುಗಿಯಿತು. ಮೊದಲೆಲ್ಲ ಈ ಹೊತ್ತಿಗೆ ಟೆಲಿಫೋನ್ ಎಕ್ಸ್‌ಚೇಂಜಿನ ಈ ಬೋರ್ಡು ಮಿಣಮಿಣ ಅನ್ನುತ್ತಿತ್ತು, ಒಂದೊಂದು ದೀಪ ಒಂದೊಂದು ಮನೆ, ದೀಪ ಹತ್ತಿತೆಂದರೆ ಆ ಮನೆಯಲ್ಲಿ ಯಾರೋ ಫೋನೆತ್ತಿದ್ದಾರೆ, ವೈರು ಚುಚ್ಚಿ ಯಾವ ನಂಬರು ಅಂತ ಕೇಳಬೇಕು, ಆ ನಂಬರಿನ ತೂತಿಗೆ ವೈರಿನ ಇನ್ನೊಂದು ತುದಿ ಚುಚ್ಚಬೇಕು, ಎರಡೂ ಕಡೆಯ ಹಲೋ ಕೇಳಿದ ಮೇಲೆ ತನ್ನ ಕಿವಿಗೆ ಕೇಳಿಸುವ ಕೀ ಮುಚ್ಚಬೇಕು — ಎರಡು ಹಲೋ ನಮ್ದು, ಮೂರನೇ ಮಾತು ಅವರ ಮನೇದು ಕಣಮ್ಮ ಅಂತ, ಅವಳು ಕೆಲಸಕ್ಕೆ ಸೇರಿದ ದಿನ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದ ಹಿರಿಯಮ್ಮ ಈಗ ಇಲ್ಲ, ಇದ್ದಿದ್ದರೆ ಏನನ್ನುತ್ತಿದ್ದಳೋ. ಆದರೂ ಕಿವಿಗೆ ಬಾಗಿಲಿದೆಯೇ, ಮಾತು ಮುಗಿಯಿತೋ ಇಲ್ಲವೋ ನೋಡಲು ಕೀ ತೆರೆದಾಗ ಅಷ್ಟಿಷ್ಟು ಬೀಳುತ್ತಿತ್ತು, ಚುನಾವಣೆ ಹತ್ತಿರ ಬಂತೆಂದರೆ ಪತ್ರಿಕೆಯವರ ಮನೆಗೆ ಬೆಳಗಾದರೆ ಬೈಗುಳದ ಮೆರವಣಿಗೆ, ಏನ್ರೀ ಸಂಪಾದಕರೇ, ತಲೆ ನೆಟ್ಟಗಿದೆಯೇನ್ರೀ, ಆ ಯಜಮಾನರೂ ಬಿಡುವ ಪೈಕಿ ಅಲ್ಲ, ನಂದು ನೆಟ್ಟಗಿದೆ, ನೀವು ಪೇಪರ್ ತಲೆಕೆಳಗು ಹಿಡ್ಕೊಂಡಿರಬೇಕು ನೋಡಿ — ಬೈದವರೇ ಸಂಜೆ ಅವರ ಜಗಲಿಯಲ್ಲಿ ಕಾಫಿ ಹೀರುತ್ತ ಕೂತಿರುತ್ತಿದ್ದರು. ಈಗ ಸಂಪಾದಕರಿಗೆ ಫೋನು ಬಂದರೆ ಬರೀ ಹೊಗಳಿಕೆ, ಅದೂ ಗಟ್ಟಿಯಾಗಿ, ಇನ್ನೂ ಯಾರಿಗೋ ಕೇಳಿಸಬೇಕು ಅನ್ನುವಷ್ಟು ಗಟ್ಟಿಯಾಗಿ.

ಅಬ್ಬಾ, ಒಂದು ಪದಕ್ಕೆ ಇಷ್ಟು ಶಕ್ತಿ ಇರುತ್ತದೆಯೇ, ಯಾರೂ ಹೊಸ ಕಾನೂನು ತಂದಿಲ್ಲ, ಯಾರ ಮನೆಯ ಕದವನ್ನೂ ಒಡೆದಿಲ್ಲ, ಮತಪೆಟ್ಟಿಗೆ ಇದೆ, ಪತ್ರಿಕೆ ಇದೆ, ಸಭೆ ಸೇರುವ ಹಾಲ್ ಇದೆ, ಅದರ ಬೀಗದ ಕೈ ಕಾವಲುಗಾರನ ಸೊಂಟದಲ್ಲೇ ಇದೆ, ಹೋಗಿ ಕೇಳುವವರಿಲ್ಲ ಅಷ್ಟೆ, ಕಮ್ಯುನಿಸ್ಟ್ ಅನ್ನುವ ಒಂದು ಪದ ಬೀದಿಯಲ್ಲಿ ನಡೆದುಹೋಯಿತು, ಹೋದಲ್ಲೆಲ್ಲ ಜನ ತಾವಾಗಿಯೇ ಬಾಯಿಗೆ ಬೀಗ ಹಾಕಿಕೊಂಡರು. ಟೊಮೇಟೊ ತರೋದಾದ್ರೂ ಸೆರಗು ಮುಚ್ಚಿ ತರ್ಬೇಕು ದೊಡ್ಡಕ್ಕ, ಕೆಂಪಗಿದ್ಯಲ್ಲ, ಅಂದಿದ್ದಳು ಪಕ್ಕದ ಕುರ್ಚಿಯ ಚೂಟಿ, ಇವಳು ಸೆರಗಿಗೆ ಬಾಯಿ ಒತ್ತಿಕೊಂಡು ನಕ್ಕಿದ್ದಳು, ಮನೆಗೆ ಹೋಗಿ ತನ್ನ ಕೆಂಪು ಶಾಲನ್ನು ಮಡಿಸಿ ಟ್ರಂಕಿನ ತಳಕ್ಕೆ ಸೇರಿಸಿದ್ದಳು — ನಕ್ಕವಳೂ ಅವಳೇ, ಮಡಿಸಿದವಳೂ ಅವಳೇ. ಹೆದರಿಕೆ ಪೂರಾ ಸುಳ್ಳೂ ಅಲ್ಲ, ಗಡಿಯಾರದ ಅಂಗಡಿಯವನು ಕಮ್ಯುನಿಸ್ಟರೇ ಆಳುವ ದೇಶದಿಂದ ಓಡಿಬಂದವನೇ, ಅಲ್ಲಿ ಗೋಡೆಗೂ ಕಿವಿ ಇತ್ತು ತಾಯಿ, ನಮ್ಮಣ್ಣನ್ನ ಅಡುಗೆಮನೇಲಿ ಆಡಿದ ಮಾತಿಗೆ ಎತ್ಕೊಂಡು ಹೋದ್ರು, ಇಲ್ಲಿ ಗೋಡೆ ಬರೀ ಗೋಡೆ, ಇದಕ್ಕಿಂತ ಸುಖ ಬೇಕಾ ಅನ್ನುತ್ತಿದ್ದ, ಈಗ ಅವನೂ ಮುಳ್ಳು ತಿರುಗಿಸುತ್ತ ತಲೆ ಎತ್ತದೆ ಮಾತಾಡುತ್ತಾನೆ. ಎಲ್ಲಕ್ಕೂ ಮೊದಲು ಸಿಕ್ಕಿಬಿದ್ದದ್ದು ಡಾಕ್ಟರಮ್ಮ. ಹಾಲ್‌ನ ಸಭೆಯಲ್ಲಿ ಎದ್ದು ನಿಂತು, ಔಷಧಿ ಅನ್ನೋದು ನಲ್ಲಿ ನೀರಿನ ಹಾಗೆ ಎಲ್ರಿಗೂ ಸಿಗಬೇಕು ಅಂದರು, ಅಷ್ಟೇ, ವಾರ ತುಂಬುವುದರೊಳಗೆ ಪತ್ರಿಕೆಯಲ್ಲಿ ದಪ್ಪಕ್ಷರ, ನಮ್ಮ ಮಕ್ಕಳ ನಾಡಿ ಹಿಡಿಯುವ ಕೈ ಯಾರದು ಅಂತ, ಆಸ್ಪತ್ರೆಯವರು ನಾಳೆಯಿಂದ ಬರಬೇಡಿ ಅಂದರು, ರೋಗಿಗಳು ಹೇಳದೆಯೇ ನಿಂತರು, ಬೋರ್ಡಿನ ಮೇಲೆ ಅವರ ಮನೆಯ ತೂತಿನ ಸುತ್ತ ಧೂಳು ಕೂತಿತು, ದೊಡ್ಡಕ್ಕ ದಿನಾ ಅದನ್ನು ಸೆರಗಿನ ತುದಿಯಿಂದ ಒರೆಸುತ್ತಾಳೆ, ಅವಳ ಮಗಳನ್ನು ಹೊಟ್ಟೆಯಿಂದ ಎತ್ತಿ ಹೊರಗಿಟ್ಟ ಕೈ ಅದು, ಆ ದಿನ ಇವಳ ಪಾದ ಮರಗಟ್ಟಿದ್ದನ್ನು ಮುಟ್ಟಿ ನೋಡಿ ತನ್ನ ಕಾಲಿನ ಉಣ್ಣೆಯ ಕಾಲುಚೀಲ ಬಿಚ್ಚಿ ತೊಡಿಸಿ, ತಾನು ತಣ್ಣನೆ ನೆಲದ ಮೇಲೆ ಬರಿಗಾಲಲ್ಲಿ ನಿಂತವರು. ಮೊನ್ನೆ ಪೇಟೆಯಲ್ಲಿ ದೂರದಿಂದ ಬರುತ್ತಿದ್ದರು, ಇವಳು ಮಾತಾಡಿಸಲೋ ಬಿಡಲೋ ಅಂತ ತಡವರಿಸುವುದರೊಳಗೆ ಅವರೇ ಅಂಗಡಿಯ ಗಾಜಿನ ಕಡೆ ತಿರುಗಿ ಬೊಂಬೆ ನೋಡುತ್ತ ನಿಂತುಬಿಟ್ಟರು — ಇವಳಿಗೆ ಕಷ್ಟವಾಗದಿರಲಿ ಅಂತ, ಬೊಂಬೆ ನೋಡುವ ವಯಸ್ಸೇ ಅವರದು.

ಆಮೇಲೆ ಪಕ್ಕದ ಕೋಣೆ ಬಂತು, ಅಂದರೆ ಕೋಣೆ ಇತ್ತು, ಮುರಿದ ಸ್ಟೂಲು ಇಡುತ್ತಿದ್ದರು, ಅದಕ್ಕೊಬ್ಬ ಮನುಷ್ಯ ಬಂದ. ಇದು ನನ್ನ ಮಾತಲ್ಲ, ಮೇಲಿಂದ ಬಂದದ್ದು, ಅಂತ ಮೇಲ್ವಿಚಾರಕಿ ಮೇಡಂ ಕನ್ನಡಕ ಒರೆಸುತ್ತಲೇ ಹೇಳಿದರು, ಇಂತಿಂಥ ನಂಬರಿಗೆ ಕರೆ ಬಂದರೆ ಮೊದಲು ಪಕ್ಕದ ಕೋಣೆಯನ್ನು ಸೇರಿಸಿ ಆಮೇಲೆ ಜೋಡಿಸತಕ್ಕದ್ದು, ತಪ್ಪಿದರೆ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು, ಪಟ್ಟಿಯ ಮೊದಲ ನಂಬರೇ ಡಾಕ್ಟರಮ್ಮನದು. ಅದಕ್ಕೆ ಬೇರೆಯೇ ಒಂದು ಕರಿ ವೈರು, ಅದರಲ್ಲಿ ಮಾತು ಒಂದೇ ಕಡೆ ಹರಿಯುತ್ತದೆ, ಕೋಣೆಯವನಿಗೆ ಎಲ್ಲ ಕೇಳಿಸುತ್ತದೆ, ಅವನು ಕೆಮ್ಮಿದರೂ ಇತ್ತ ಕೇಳಿಸದು, ಯಾವ ಮನೆಯ ಕರೆ ಅನ್ನುವುದು ಅವನ ಮುಂದಿನ ಪುಟ್ಟ ಬೋರ್ಡಿನ ದೀಪದಲ್ಲೇ ಕಾಣುತ್ತದೆ. ಕಿವಿಯಪ್ಪ ಅಂತ ಹೆಸರಿಟ್ಟಳು ಚೂಟಿ, ಕಿವಿಯಪ್ಪನ ಹೆಂಡ್ತಿ ಅವನಿಗೇನಾದ್ರೂ ಗುಟ್ಟು ಹೇಳ್ತಾಳೇನಕ್ಕ, ಅಂತ ಕೇಳುತ್ತಾಳೆ, ಆದರೆ ಪಾಪದ ಮನುಷ್ಯ, ಒಳಗೆ ಬರುವಾಗ ಹೆಂಗಸರ ಕುರ್ಚಿಗಳ ಹಿಂದೆ ಬೆಕ್ಕಿನ ಹಾಗೆ ಹೆಜ್ಜೆಯಿಡುತ್ತಾನೆ, ಇವಳ ಕುರ್ಚಿ ಕುಂಟುವುದನ್ನು ಕಂಡು ಯಾವಾಗಲೋ ಅದರ ಕಾಲಿನಡಿ ರಟ್ಟು ಮಡಿಸಿ ಇಟ್ಟಿದ್ದ, ಕೇಳಿದರೆ ನಾನಲ್ಲ ಅಂದ, ಕಿವಿ ಮಾತ್ರ ಕೆಂಪಗಾಯಿತು, ನೋಡು, ಅದೂ ಕೆಂಪೇ.

ದೀಪ. ಪತ್ರಿಕೆಯವರ ಮನೆ. ಯಾವ ನಂಬರು — ಅಕ್ಕ, ಅಕ್ಕಾ, ಮಗೂಗೆ ಉಸಿರು ಸಿಗ್ತಿಲ್ಲ, ನಾಯಿ ಬೊಗಳಿದ ಹಾಗೆ ಕೆಮ್ತಿದೆ, ತುಟಿ ಎಲ್ಲ ಒಂಥರಾ ಆಗಿದೆ, ಆಸ್ಪತ್ರೆ ಕೊಡಿ — ಆ ಮನೆಯ ಸೊಸೆ, ಮಾವ ಗಂಡ ಇಬ್ಬರೂ ಪರ ಊರಿಗೆ ಹೋಗಿದ್ದಾರೆಂದು ದೊಡ್ಡಕ್ಕನಿಗೆ ಗೊತ್ತು, ಬೆಳಗ್ಗೆ ಅಲ್ಲಿಂದ ಬಂದ ಟ್ರಂಕ್ ಕಾಲ್ ಜೋಡಿಸಿದವಳು ಅವಳೇ, ಆಸ್ಪತ್ರೆಗೆ ಚುಚ್ಚಿದಳು, ಮಕ್ಕಳ ಡಾಕ್ಟರು ಇಲ್ಲಮ್ಮ, ಹೊಸಬರಿನ್ನೂ ಬಂದಿಲ್ಲ, ಹಳಬರನ್ನ ತೆಗೆದ್ರಲ್ಲ, ಬೇರೆ ಡಾಕ್ಟರು ಬರೋದು ಸಂಜೆಗೆ, ಆಗ ಕರ್ಕೊಂಡು ಬನ್ನಿ. ಸಂಜೆ! ಅಕ್ಕ, ಈಗೇನ್ಮಾಡ್ಲಿ ಅಕ್ಕ. ಡಾಕ್ಟರಮ್ಮನಿಗೆ ಕೊಡ್ಲಾ, ಅಂದಳು ದೊಡ್ಡಕ್ಕ, ಬಾಯಿ ತಾನಾಗಿಯೇ ಅಂದುಬಿಟ್ಟಿತು. ಆ ಕಡೆ ಗಾಬರಿ, ಅತ್ತೆಯ ದನಿ, ಅಲ್ಲಿಗೆ ಮಾತ್ರ ಬೇಡ್ವೇ, ಆ ಫೋನು ಕೇಳ್ಸ್ಕೊಳ್ತಾರಂತೆ, ನಾವೇ ಬರೆದು ನಾವೇ ಕರೆದ್ರೆ ನಿನ್ನ ಮಾವನ ಗತಿ ಏನೇ, ನಾಳೆ ನಮ್ಮ ಹೆಸ್ರೂ — ಮತ್ತೆ ಕೆಮ್ಮು, ಆಮೇಲೆ ಉಸಿರೆಳೆಯುವ ಸದ್ದು, ತುಕ್ಕು ಹಿಡಿದ ಗೇಟನ್ನು ಎಳೆದಂತೆ, ಅಷ್ಟು ಪುಟ್ಟ ಎದೆಯಿಂದ ಅಂಥ ಸದ್ದು. ಕೊಡಿ, ಅಂದಳು ಸೊಸೆ, ಪಿಸುಗುಟ್ಟಿ.

ದೊಡ್ಡಕ್ಕ ಬೇಗ ಬೇಗ ಚುಚ್ಚಿದಳು, ಮೊದಲು ಪಕ್ಕದ ಕೋಣೆ, ಆಮೇಲೆ ಆ ತೂತು, ಗಂಟೆ ಹೋಗುತ್ತಿದೆ, ಯಾರೋ ದಡಬಡ ಓಡಿಬಂದು ಎತ್ತಿದರು, ಹಲೋ, ಹಲೋ, ಯಾರು — ಬಹಳ ದಿನ ಮಾತಾಡದ ಗಂಟಲು, ಆದರೂ ಅದರಲ್ಲಿ ಎಂಥ ಸಂತೋಷ, ಬರೀ ಗಂಟೆ ಬಾರಿಸಿದ್ದಕ್ಕೆ ಒಬ್ಬ ಮನುಷ್ಯರಿಗೆ ಇಷ್ಟು ಸಂತೋಷವಾಗುತ್ತದೆಯೇ. ಎರಡು ಹಲೋ ಆಗಲೇ ಇಲ್ಲ, ಒಂದೇ ಹಲೋ, ಕೀ ಮುಚ್ಚುವುದು ಹೇಗೆ. ಕೆಮ್ಮು ಮಾತ್ರ ತಂತಿಯಲ್ಲಿ ಹೋಯಿತು. ಅದನ್ನು ಕೇಳಿದ್ದೇ ಡಾಕ್ಟರಮ್ಮನ ದನಿಯೇ ಬೇರೆಯಾಯಿತು, ಹೆಸರು ಬೇಡಮ್ಮ, ಹೇಳಬೇಡ, ಮಗೂನ ಮಲಗಿಸಬೇಡ, ಎತ್ತಿ ನೆಟ್ಟಗೆ ಹಿಡ್ಕೋ, ನೀನು ಅಳಬೇಡ, ನೀನತ್ರೆ ಅದೂ ಅಳತ್ತೆ, ಅತ್ತರೆ ಗಂಟಲು ಇನ್ನೂ ಕಟ್ಟತ್ತೆ, ಕಿಟಕಿ ತೆಗಿ, ತಣ್ಣನೆ ಗಾಳಿ ಮುಖಕ್ಕೆ ತಾಗಲಿ, ಹಾಂ, ಕಿಟಕಿ ಸದ್ದು ಕೇಳ್ತು, ಜಾಣೆ — ಆದ್ರೆ ಈ ಉಸಿರು ಚೆನ್ನಾಗಿಲ್ಲ, ನಾನೇ ಬರಬೇಕು, ಮನೆ ಎಲ್ಲಿ ಹೇಳು. ಮನೆ ಹೇಳಮ್ಮ, ಹೊತ್ತಾಗ್ತಿದೆ. ಬಳೆಯ ಸದ್ದು, ಕೆಮ್ಮು, ವಿಳಾಸ ಮಾತ್ರ ಇಲ್ಲ. ಹೇಳಿಬಿಟ್ಟರೆ ಮನೆಗೆ ಮುದ್ರೆ ಬಿದ್ದಂತೆ ಅಂತ ಆ ಹುಡುಗಿಗೆ ಗೊತ್ತು, ತನ್ನ ಮಾವನೇ ಒತ್ತಿದ ಮುದ್ರೆ — ಹೆತ್ತ ತಾಯಿಯ ಬಾಯನ್ನೂ ಹೊಲಿಯಬಲ್ಲ ಭಯವೇ, ಅಯ್ಯೋ ದೇವರೇ, ಇದನ್ನು ಯಾರು ಇಷ್ಟು ದೊಡ್ಡದು ಮಾಡಿದರು, ನಾವೇ ಮಾಡಿದೆವೇ, ಶಾಲು ಮಡಿಸಿ ಮಡಿಸಿ — ವಿಳಾಸ ದೊಡ್ಡಕ್ಕನ ನಾಲಿಗೆಯ ತುದಿಯಲ್ಲಿದೆ, ಜೋಡಿಸಿದ ಕರೆಯ ನಡುವೆ ಆಪರೇಟರು ಮಾತಾಡಿದ್ದು ಈ ಎಕ್ಸ್‌ಚೇಂಜಿನ ಚರಿತ್ರೆಯಲ್ಲೇ ಇಲ್ಲ, ಹೋದರೆ ಪಿಂಚಣಿ ಹೋಗಲಿ, ಬಾಯಿ ತೆರೆದಳು, ತೆರೆದ ಬಾಯಿ ತೆರೆದಂತೆಯೇ ಉಳಿಯಿತು, ಯಾಕೆಂದರೆ ಕಿವಿಯಲ್ಲಿ ಮತ್ತೊಂದು ದನಿ, ಗಂಡಸಿನದು, ಒದ್ದೆ ದನಿ — ಹೇಳು ತಾಯಿ, ಹೇಳಿಬಿಡು, ನಾನು ಬರ್ಕೊಳ್ಳಲ್ಲ, ಪೆನ್ನು ಕೆಳಗಿಟ್ಟೆ ನೋಡು, ಅಯ್ಯೋ ಹೇಳೇ ಮಗಳೇ, ಮಗು ಹೋಗ್ಬಿಡತ್ತೆ, ಗಡಿಯಾರದ ಅಂಗಡಿ ಎದುರುಮನೆ ಅನ್ನು, ಪತ್ರಿಕೆಯವರ ಮನೆ ಅಂತ ಅನ್ನು, ಅಷ್ಟೇ ಅಲ್ವೇನೇ —

ದೊಡ್ಡಕ್ಕ ಕೆಳಗೆ ನೋಡಿದಳು. ಕರಿ ವೈರು ಅದರ ಜಾಗದಲ್ಲೇ ಇದೆ. ಅವಸರದಲ್ಲಿ ಕೈ ಎತ್ತಿಕೊಂಡದ್ದು ಮಾಮೂಲಿ ವೈರು, ಎರಡೂ ಕಡೆ ಹರಿಯುವುದು, ಇಷ್ಟು ವರ್ಷದ ಅಭ್ಯಾಸದ ಕೈ, ಮನೆಯಿಂದ ಮನೆಗೆ ಜೋಡಿಸುವ ಹಾಗೆ ಪಕ್ಕದ ಕೋಣೆಯವನನ್ನೂ ಜೋಡಿಸಿಬಿಟ್ಟಿದೆ. ಅವನಿಗದು ಗೊತ್ತಿಲ್ಲ. ಮುಚ್ಚಿದ ಕೋಣೆಯಲ್ಲಿ, ಯಾರಿಗೂ ಕೇಳಿಸದು ಅಂದುಕೊಂಡು, ದೇವರ ಮುಂದೆ ಬೇಡುವ ಹಾಗೆ ಬೇಡುತ್ತಿದ್ದಾನೆ. ತಲೆಯೆತ್ತಿದರೆ ಕೋಣೆಯ ಬಾಗಿಲಿನ ಮಸುಕು ಗಾಜು, ದಿನವೂ ಅದರ ಮೇಲೆ ಕೂತಿರುವ ನೆರಳು ಇವತ್ತು ನಿಂತಿದೆ, ಕಿವಿಗೆ ಒತ್ತಿಕೊಂಡ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಕೊಡ ಹಿಡಿದವನ ಹಾಗೆ. ಯಾರದು ಮಾತಾಡ್ತಿರೋದು, ಅಂದರು ಡಾಕ್ಟರಮ್ಮ, ಉತ್ತರಕ್ಕೆ ಕಾಯಲಿಲ್ಲ, ಯಾಕೆಂದರೆ ಸೊಸೆ ಬಾಯಿ ಬಿಟ್ಟಳು, ಅದೇ ಮನೆ ಡಾಕ್ಟರಮ್ಮ, ಪತ್ರಿಕೆಯವರ ಮನೆ, ನಾವೇ, ನಿಮ್ಮ ಕಾಲಿಗೆ ಬೀಳ್ತೀನಿ — ಒಂದು ರೆಪ್ಪೆ ಬಡಿಯುವಷ್ಟು ಹೊತ್ತು, ತನ್ನ ಬದುಕಿಗೆ ಮಸಿ ಬಳಿದ ಮನೆಯ ಹೆಸರು ಕೇಳಿ ಯಾರಿಗಾದರೂ ಬೇಕಾಗುವಷ್ಟು ಹೊತ್ತೂ ಅಲ್ಲ — ಬಂದೆ. ಅಷ್ಟೇ. ಬಂದೆ. ರಿಸೀವರ್ ಇಟ್ಟ ಸದ್ದು, ಆ ಸದ್ದಿನಲ್ಲೇ ಚಪ್ಪಲಿ ಹುಡುಕುವ ಆತುರ.

ಯಾಕಕ್ಕ ಹಿಂಗೆ ಬೆವೆತಿದ್ದೀಯಾ, ಚೂಟಿ ನೀರಿನ ಲೋಟ ಸರಿಸಿದಳು, ಏನಾಯ್ತೆಂದು ಕೇಳಲಿಲ್ಲ, ಇವಳ ದೀಪಗಳನ್ನೂ ತನ್ನ ಕೈಗೆ ಎಳೆದುಕೊಂಡು ಎರಡು ಕುರ್ಚಿಯ ಕೆಲಸ ಮಾಡತೊಡಗಿದಳು, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಹೊತ್ತು ಹೋಗುವುದಿಲ್ಲ. ಡಾಕ್ಟರಮ್ಮ ಓಡುತ್ತಿರಬಹುದು, ಆ ವಯಸ್ಸಿನಲ್ಲಿ, ಚೀಲ ಹಿಡಿದು, ಪೇಟೆಯ ನಡುವೆ, ಜನ ದಾರಿ ಬಿಡುತ್ತಿರಬಹುದು, ಹೆದರಿ ಬಿಟ್ಟರೂ ದಾರಿ ದಾರಿಯೇ. ಗಾಜಿನ ಮೇಲೆ ಆ ನೆರಳು ಕೂತಿಲ್ಲ. ಮಾತು ಮುಗಿದ ಮೇಲೂ ನಿಂತೇ ಇದೆ, ಸತ್ತ ತಂತಿಯನ್ನು ಕಿವಿಗೆ ಒತ್ತಿಕೊಂಡು, ಅವನಿಗೂ ಮಕ್ಕಳಿರಬಹುದು, ಅಥವಾ ಇದ್ದಿರಬಹುದು, ಕೇಳುವುದು ಹೇಗೆ. ಮೇಡಂ ಒಂದು ಸಲ ಈ ಸಾಲು ದಾಟಿ ಹೋದರು, ಜಾಗ ಬಿಟ್ಟು ಕದಲದ ಕರಿ ವೈರನ್ನು ನೋಡಿದರು, ದೊಡ್ಡಕ್ಕನ ಮುಖ ನೋಡಿದರು, ಕನ್ನಡಕ ತೆಗೆದು ಒರೆಸುತ್ತ ಹೋದರು, ಒರೆಸುವಾಗ ಅವರಿಗೆ ಏನೂ ಕಾಣಿಸುವುದಿಲ್ಲ ಅಂತ ಎಲ್ಲರಿಗೂ ಗೊತ್ತು.

ಪತ್ರಿಕೆಯವರ ಮನೆಯ ದೀಪ ಹತ್ತಿತು. ಕೈ ಅದರ ಮುಂದೆ ನಿಂತುಹೋಯಿತು, ಚುಚ್ಚಿದರೆ ಏನು ಕೇಳಬೇಕಾಗುತ್ತದೋ, ಚುಚ್ಚದಿರುವ ತನಕ ಮಗು ಬದುಕಿದೆ — ಚುಚ್ಚಿದಳು. ದೊಡ್ಡಕ್ಕ, ನಾನು, ಡಾಕ್ಟರಮ್ಮ, ಏದುಸಿರು, ಮಗು ಉಸಿರಾಡ್ತಿದೆ, ಬಣ್ಣ ವಾಪಸ್ ಬಂತು, ನನ್ನ ಬೆರಳು ಬಿಡ್ತಿಲ್ಲ ನೋಡಿ ಪುಂಡ, ಅಜ್ಜಿ ಗೋಡೆಗೆ ಒರಗಿ ಅಳ್ತಿದ್ದಾರೆ, ನಂಗೆ ಮಜ್ಜಿಗೆ ಕೊಟ್ರು ಕಣ್ರೀ, ಇವರ ಮನೇಲಿ, ನಂಗೆ. ಆಮೇಲೆ ಸ್ವರ ಇಳಿಯಿತು, ಆ ದನಿ ಯಾರದು ಅಂತ ನಾನು ಕೇಳಲ್ಲ, ಆದ್ರೆ ಅವರಿಗೆ ಗೊತ್ತಾಗ್ಬೇಕಲ್ವಾ, ಕಾಯ್ತಿರ್ತಾರೆ. ದೊಡ್ಡಕ್ಕನ ಕೈ ಮೇಜಿನ ಮೇಲೆ. ಒಂದು ಕಡೆ ಕರಿ ವೈರು, ಒಂದು ಕಡೆ ಮಾಮೂಲಿ ವೈರು, ಈ ಸಲ ಅವಸರವಿಲ್ಲ, ಈ ಸಲ ಕೈತಪ್ಪಿತು ಅನ್ನುವ ಹಾಗಿಲ್ಲ, ಸೇರಿಸಿದರೆ ತನ್ನ ಬೇಡಿಕೆ ಊರಿಗೆ ಕೇಳಿಸಿತೆಂದು ಅವನಿಗೆ ತಿಳಿಯುತ್ತದೆ, ಅವನು ಮೇಲಿನವರಿಗೆ ಹೇಳಿದರೆ ಇವಳು ಹೋದಳು, ಇವಳು ಹೇಳಿದರೆ ಅವನು ಹೋದ, ಇಬ್ಬರ ಕೊರಳೂ ಒಂದೇ ವೈರಿನಲ್ಲಿ — ನೀವೇ ಹೇಳಿ ಡಾಕ್ಟರಮ್ಮ, ಅಂದಳು, ಮಾಮೂಲಿ ವೈರು ಎತ್ತಿ ಪಕ್ಕದ ಕೋಣೆಗೆ ಚುಚ್ಚಿದಳು. ಮಗು ಉಳೀತು, ಅಂದರು ಡಾಕ್ಟರಮ್ಮ, ನೀವು ಹೇಳಿದ್ದಕ್ಕೆ ಉಳೀತು. ಇದ್ದೀರಾ, ಕೇಳಿಸ್ತಾ. ಉಸಿರು, ಒಂದು ದೊಡ್ಡ ಗಂಡಸಿನ ಉಸಿರು, ಮಗುವಿನ ಹಾಗೆ ತಡೆತಡೆದು, ಇವಳು ಕೀ ಮುಚ್ಚಬೇಕು, ಮೂರನೇ ಮಾತು ಅವರದು, ಮುಚ್ಚಬೇಕು, ಬೋರ್ಡಿನಲ್ಲಿ ಬೇರೆ ದೀಪ ಹತ್ತುತ್ತಿವೆ, ಚೂಟಿ ಅಕ್ಕಾ ಅನ್ನುತ್ತಿದ್ದಾಳೆ, ಕಣ್ಣು ಮಾತ್ರ ಗಾಜು ಬಿಟ್ಟು ಬರುವುದಿಲ್ಲ, ಅಲ್ಲಿ ಆ ನೆರಳು, ನಿಂತದ್ದು, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದದ್ದು, ತುಂಬಿದ ಕೊಡ ತುಳುಕದ ಹಾಗೆ, ನಿಂತ ನೆರಳು, ಎರಡೂ ಕೈ —